ಮದ್ದು ಬಿಡುವ ಕೈ

ಮಧೂರಿನ ಆಸುಪಾಸಿನಲ್ಲಿ ಮದ್ದು ಎಂಬ ಮಾತಿಗೆ ಎರಡು ಬಳಕೆಗಳಿವೆ. ಒಂದು ಮನುಷ್ಯರು ಕುಡಿಯುವ ಮದ್ದು, ಇನ್ನೊಂದು ಅಡಿಕೆಗೆ ಬಿಡುವ ಮದ್ದು. ನಿಪ್ಪಾಣಿಯಿಂದ ಉಪನ್ಯಾಸಕನಾಗಿ ಈ ಕಡೆಗೆ ಬಂದ ಮೊದಲ ವರ್ಷ, ಬಾಡಿಗೆ ಮನೆಯ ಯಜಮಾನರು ಮುಂಜಾನೆ ಬಂದು, "ಮಾಷ್ಟ್ರೇ, ನಾಳೆ ಮದ್ದು ಬಿಡುವವರು ಬರ್ತಾರೆ" ಎಂದಾಗ, ಮನೆಯಲ್ಲಿ ಯಾರಿಗೆ ಹುಷಾರಿಲ್ಲವೆಂದು ವಿಚಾರಿಸಿದ್ದೆ. ಅವರು ಬಹಳ ಹೊತ್ತು ನಕ್ಕರು. ಹೊಗೆಸೊಪ್ಪಿನ ಸೀಮೆಯವನಿಗೆ ಅಡಿಕೆಯ ಕೊಳೆರೋಗ ಹೇಗೆ ತಿಳಿದೀತು?

ಆ ಎರಡೂ ಮದ್ದುಗಳನ್ನು ಬಲ್ಲ ಒಬ್ಬ ಹುಡುಗನ ಕುರಿತು ಬರೆಯಬೇಕೆಂದು ಬಹುದಿನದಿಂದ ಅಂದುಕೊಂಡಿದ್ದೆ. ಅವನು ನಮ್ಮ ಐಚ್ಛಿಕ ಕನ್ನಡದ ವಿದ್ಯಾರ್ಥಿ. ಸರಿಯಾಗಿ ಹೇಳುವುದಾದರೆ, ಒಂದೇ ವರ್ಷದ ವಿದ್ಯಾರ್ಥಿ. ಬರೆಯಲೇ ಎಂದು ಕೇಳಿದಾಗ, "ಬರೆಯಿರಿ ಸರ್, ಹೆಸರು ಮಾತ್ರ ಬೇಡ" ಎಂದ. ಆದ್ದರಿಂದ ಹೆಸರಿಲ್ಲ.

2011ರಲ್ಲಿ ಅವನು ಮೊದಲ ವರ್ಷದ ಬಿ.ಎ.ಗೆ ಸೇರಿದ. ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದ. ಮಳೆಗಾಲದ ಸೋಮವಾರಗಳಲ್ಲಿ ಅವನ ಕೈಬೆರಳುಗಳ ಸಂದಿಯಲ್ಲಿ ತಿಳಿನೀಲಿ ಬಣ್ಣ ಉಳಿದಿರುತ್ತಿತ್ತು. ಮೈಲುತುತ್ತದ ಬಣ್ಣ ಅದು. ಶನಿವಾರ, ಭಾನುವಾರ ಮಾವನ ಜೊತೆ ಊರವರ ತೋಟಗಳಲ್ಲಿ ಮದ್ದು ಬಿಡುತ್ತಿದ್ದ. ಕಾಲಿಗೆ ತಳೆ ಸಿಕ್ಕಿಸಿ ಮರವೇರಿ, ಒಂದು ಮರದ ತುದಿಯಿಂದ ಬಾಗಿ ಇನ್ನೊಂದನ್ನು ಹಿಡಿದು ದಾಟುವ ಕೆಲಸ. ಬಯಲುಸೀಮೆಯ ನಾನು ಕೆಳಗೆ ನಿಂತು ನೋಡಿದರೂ ನನ್ನ ಅಂಗಾಲು ಬೆವರುತ್ತದೆ.

ಬೋರ್ಡೋ ದ್ರಾವಣ ಕಲಸುವ ವಿಧಾನವನ್ನು ನನಗೆ ಕಲಿಸಿದವನೂ ಅವನೇ. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು. ಒಂದು ಕಿಲೋ ಸುಣ್ಣವನ್ನು ಬೇರೊಂದು ಪಾತ್ರೆಯಲ್ಲಿ 50 ಲೀಟರ್ ನೀರಿಗೆ ಕಲಸಬೇಕು. ಬಳಿಕ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ಸುಣ್ಣವನ್ನು ತುತ್ತಕ್ಕಲ್ಲ. ಕೊನೆಗೆ ಹೊಳೆಯುವ ಚೂರಿಯ ಅಲಗನ್ನು ಅದರಲ್ಲಿ ಅದ್ದಿ ನೋಡುವುದು. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಹಾಗೆಯೇ ಬಿಟ್ಟರೆ ರೋಗದ ಬದಲು ಮದ್ದೇ ಹಿಂಗಾರವನ್ನೂ ಎಳೆಕಾಯಿಯನ್ನೂ ಸುಡುತ್ತದೆ. ಮದ್ದಿನ ಗುಣ ಇರುವುದು ಅಳತೆಯಲ್ಲಿ ಎಂಬುದನ್ನು ಅವನು ಹದಿನಾರನೆಯ ವಯಸ್ಸಿಗೇ ಅರಿತಿದ್ದ.

ಹದಿನಾರು ಏಕೆಂದರೆ, ಆ ವರ್ಷ, 2009ರ ಆಷಾಢದಲ್ಲಿ, ಅವನ ತಂದೆ ಮರದಿಂದ ಬಿದ್ದರು. ಪಾಚಿಗಟ್ಟಿದ ಮರದಲ್ಲಿ ತಳೆ ಜಾರಿತು. ಜೀವ ಉಳಿಯಿತು, ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಅಡಿಕೆ ತೋಟಗಳ ನಾಡಿನಲ್ಲಿ ಇಂಥ ಮನೆಗಳು ಹಲವಿವೆ, ನೀವೂ ಕಂಡಿರುತ್ತೀರಿ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ತಂದೆಯ ಬೆನ್ನಿನ ಕೆಳಗೆ ಹುಣ್ಣಾಯಿತು. ಆಗ ಅವರ ಮನೆಗೆ ಪಾಲಿಯೇಟಿವ್ ನರ್ಸ್ ಬರತೊಡಗಿದರು. ಕೇರಳದ ಈ ವ್ಯವಸ್ಥೆಯ ಬಗ್ಗೆ ಗಡಿಯಾಚೆಯ ಗೆಳೆಯರಿಗೆ ನಾನು ಆಗಾಗ ಹೇಳುವುದುಂಟು. 1993ರಲ್ಲಿ ಕೋಝಿಕ್ಕೋಡಿನಲ್ಲಿ ಕೆಲವು ವೈದ್ಯರು ಮತ್ತು ಸ್ವಯಂಸೇವಕರು ಆರಂಭಿಸಿದ ಕೆಲಸ ಊರೂರಿಗೆ ಹಬ್ಬಿತು. 2008ರಲ್ಲಿ ರಾಜ್ಯ ಸರಕಾರ ಅದನ್ನು ತನ್ನ ನೀತಿಯನ್ನಾಗಿ ಅಂಗೀಕರಿಸಿತು. ಆ ಬಳಿಕ ಗ್ರಾಮ ಪಂಚಾಯತಿಗಳ ಮೂಲಕ ನರ್ಸುಗಳು ಹಾಸಿಗೆ ಹಿಡಿದವರ ಮನೆಬಾಗಿಲಿಗೇ ಬರುವಂತಾಯಿತು.

ಆ ನರ್ಸ್ ಅಮ್ಮ ಮಲಯಾಳ ಮಾತಾಡುವವರು. ಇವನ ಮನೆಯಲ್ಲಿ ತುಳು. ಇಬ್ಬರಿಗೂ ಅಷ್ಟಿಷ್ಟು ಕನ್ನಡ. ಅವರು ಹುಡುಗನ ಕೈಹಿಡಿದು ತೋರಿಸಿಕೊಟ್ಟರು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆ, ಮೂತ್ರದ ನಳಿಗೆಯನ್ನು ಶುಚಿಯಾಗಿಡುವುದು ಹೇಗೆ, ಹುಣ್ಣನ್ನು ತೊಳೆಯುವಾಗ ಎಲ್ಲಿಂದ ಆರಂಭಿಸಬೇಕು, ಎಲ್ಲಿ ನಿಲ್ಲಿಸಬೇಕು. ಮೂರು ತಿಂಗಳಲ್ಲಿ ಹುಣ್ಣು ಮಾಯಿತು. "ಆ ದಿನ ಅವರು ನನ್ನ ಬೆನ್ನು ತಟ್ಟಿದರು ಸರ್. ಶಾಲೆಯಲ್ಲಿ ಯಾರೂ ತಟ್ಟಿರಲಿಲ್ಲ" ಎಂದು ಅವನು ಎಷ್ಟೋ ವರ್ಷಗಳ ನಂತರ ನನ್ನಲ್ಲಿ ಹೇಳಿದ. ಶಾಲೆಯ ಪಟ್ಟಿಯಲ್ಲಿ ನಮ್ಮ ಕಾಲೇಜನ್ನೂ ಸೇರಿಸಿಕೊಂಡಿದ್ದನೋ ಏನೋ, ಕೇಳಲು ನನಗೆ ಧೈರ್ಯವಾಗಲಿಲ್ಲ.

ಧೈರ್ಯವಾಗದಿರಲು ಕಾರಣವಿದೆ. 2012ರ ಬೇಸಿಗೆಯಲ್ಲಿ ಅವನು ವರ್ಗಾವಣೆ ಪತ್ರದ ಅರ್ಜಿ ಹಿಡಿದು ವಿಭಾಗಕ್ಕೆ ಬಂದ. ಮಂಗಳೂರಿನಲ್ಲಿ ಜನರಲ್ ನರ್ಸಿಂಗ್ ಕೋರ್ಸಿಗೆ ಸೀಟು ಸಿಕ್ಕಿತ್ತು. ಆಗ ಅದು ಮೂರೂವರೆ ವರ್ಷದ ಕೋರ್ಸು. ವಿಜ್ಞಾನ ಓದಿದವರಿಗೇ ಆದ್ಯತೆ, ಆದರೆ ಕಲಾ ವಿಭಾಗದಲ್ಲಿ ಪ್ಲಸ್ ಟು ಮುಗಿಸಿದವರಿಗೂ ಬಾಗಿಲು ಮುಚ್ಚಿರಲಿಲ್ಲ. ಅರ್ಜಿಗೆ ನನ್ನ ಸಹಿ ಬೇಕಾಗಿತ್ತು.

ನಾನು ಸಹಿ ಹಾಕಲಿಲ್ಲ. ನಾಳೆ ಬಾ ಎಂದೆ. ಮರುದಿನ ಬಂದಾಗ ಕುಳ್ಳಿರಿಸಿ ಉಪದೇಶ ಮಾಡಿದೆ. ಅದೇ ಚಳಿಗಾಲದಲ್ಲಿ ಕೇರಳದ ಖಾಸಗಿ ಆಸ್ಪತ್ರೆಗಳ ನರ್ಸುಗಳು ಸಂಬಳಕ್ಕಾಗಿ, ಬಾಂಡ್ ಹೆಸರಿನಲ್ಲಿ ಒತ್ತೆಯಿಟ್ಟುಕೊಂಡ ಸರ್ಟಿಫಿಕೇಟುಗಳಿಗಾಗಿ ಮುಷ್ಕರ ಹೂಡಿದ್ದರು. ಪತ್ರಿಕೆಯ ಆ ಸುದ್ದಿಗಳನ್ನು ಅವನ ಮುಂದಿಟ್ಟೆ. ಮರ ಹತ್ತಿದರೆ ತಿಂಗಳಿಗೆ ಇದಕ್ಕಿಂತ ಹೆಚ್ಚು ದುಡಿಯುತ್ತೀಯಲ್ಲ ಎಂದೆ. ಅದು ನಿಜವೂ ಆಗಿತ್ತು. ಅವನು ಸುಮ್ಮನೆ ಕೇಳಿಸಿಕೊಂಡ. ಕೊನೆಗೆ ನಾನು, "ಅದು ಹೆಂಗಸರ ಕೆಲಸವಪ್ಪ. ಗಂಡು ಹುಡುಗ ಹೋಗಿ ದಾದಿಯಾಗುವುದೇ?" ಎಂದುಬಿಟ್ಟೆ.

ಆ ವಾರ ತರಗತಿಯಲ್ಲಿ ನಾನು ಪಾಠ ಮಾಡುತ್ತಿದ್ದುದು ವಚನಕಾರರನ್ನು. ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ: ಹೆಸರಿನಲ್ಲೇ ಕಸುಬನ್ನು ಹೊತ್ತವರು. ಹಗ್ಗ ಹೊಸೆಯುವುದೂ ದೋಣಿ ನಡೆಸುವುದೂ ಕಾಯಕವೇ, ಅದರಲ್ಲಿ ಮೇಲುಕೀಳಿಲ್ಲ ಎಂದು ಹಲಗೆಯ ಮೇಲೆ ದೊಡ್ಡದಾಗಿ ಬರೆದಿದ್ದೆ. ಆ ಸೀಮೆಸುಣ್ಣದ ಧೂಳು ಇನ್ನೂ ಬೆರಳಲ್ಲಿದ್ದಾಗಲೇ ಈ ಮಾತು ಬಾಯಿಂದ ಬಂದಿತ್ತು.

ಇನ್ನೂ ಒಂದು ಸಂಗತಿಯನ್ನು ಮುಚ್ಚಿಡಬಾರದು. ಐಚ್ಛಿಕ ಕನ್ನಡಕ್ಕೆ ಸೇರುವವರ ಸಂಖ್ಯೆ ಕುಸಿಯುತ್ತಿತ್ತು. ಒಬ್ಬ ಹೋದರೆ ಹಾಜರಿ ಪುಸ್ತಕದಲ್ಲಿ ಒಂದು ಸಾಲು ಖಾಲಿ. ನಾಲ್ವರು ಹೋದರೆ ವಿಭಾಗಕ್ಕೇ ಸಂಚಕಾರ. ಗಡಿನಾಡಿನಲ್ಲಿ ಕನ್ನಡ ಉಳಿಯಬೇಕೆಂದು ಭಾಷಣ ಮಾಡುವಾಗ ನಮ್ಮ ಕಣ್ಣು ಕೆಲವೊಮ್ಮೆ ಹಾಜರಿ ಪುಸ್ತಕದ ಮೇಲಿರುತ್ತದೆ. ಅವನ ಒಳ್ಳೆಯದಕ್ಕೆಂದು ಹೇಳುತ್ತಿದ್ದೇನೆಂದು ನಾನು ನಂಬಿದ್ದೆ. ಅರ್ಧ ನನ್ನ ಒಳ್ಳೆಯದಕ್ಕೆ ಹೇಳುತ್ತಿದ್ದೆ. ಐದನೆಯ ದಿನ ಸಹಿ ಹಾಕಿದೆ. ಅವನು ಕಾಲು ಮುಟ್ಟಿ ನಮಸ್ಕರಿಸಿ ಹೋದ.

ಇಲ್ಲಿ ನನ್ನ ಕಥೆಯನ್ನು ಸ್ವಲ್ಪ ಹೇಳಬೇಕು. ನಾನು ಹುಟ್ಟಿದ್ದು ನಿಪ್ಪಾಣಿಯಲ್ಲಿ. ಮನೆಯ ಮಾತು ಮರಾಠಿ. ನಾಲ್ಕನೆಯ ತರಗತಿಯವರೆಗೆ ಮರಾಠಿ ಶಾಲೆ, ಐದರಿಂದ ಕನ್ನಡ ಶಾಲೆ. 1967ರ ಮಹಾಜನ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೂ, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನು ಮೈಸೂರು ರಾಜ್ಯಕ್ಕೂ ಸೇರಿಸಬೇಕೆಂದಿತು. ಎರಡೂ ಇದ್ದಲ್ಲೇ ಉಳಿದವು. ನಾನು ಮಾತ್ರ ಒಂದರಿಂದ ಹೊರಟು ಇನ್ನೊಂದಕ್ಕೆ ಬಂದೆ.

ನನ್ನ ಆಯಿ ತಂಬಾಕಿನ ವಖಾರದಲ್ಲಿ ಕೂಲಿ. ಒಣಗಿದ ಸೊಪ್ಪನ್ನು ಕುಟ್ಟಿ, ಜರಡಿ ಹಿಡಿದು, ಬೀಡಿಗೆ ತಕ್ಕ ಪುಡಿಯಾಗಿಸುವ ಕೆಲಸ. ಮೂಗಿಗೆ ಸೀರೆಯ ಸೆರಗು ಕಟ್ಟಿಕೊಂಡರೂ ರಾತ್ರಿ ಕೆಮ್ಮಿದಾಗ ಕಫದಲ್ಲಿ ಕಂದು ಧೂಳು ಬರುತ್ತಿತ್ತು. ಅವಳ ಆ ಕೂಲಿಯಲ್ಲಿ ನಾನು ಎಂ.ಎ. ಓದಿದೆ. ಕೈಕೆಲಸದ ಮನೆಯಿಂದ ಹೊರಟು ಬಂದವರಲ್ಲಿ ನಾನೂ ಒಬ್ಬ. ಮೇಜು, ಕುರ್ಚಿ, ಸೀಮೆಸುಣ್ಣ ಸಿಕ್ಕಿದ್ದರಿಂದ ಅದನ್ನು ಏಳಿಗೆ ಎಂದುಕೊಂಡೆ. ಅವನಿಗೆ ಸಿಕ್ಕಿದ್ದು ಬೆಡ್‌ಪ್ಯಾನ್. ಅದನ್ನು ಏಳಿಗೆ ಎನ್ನಲು ನನಗೆ ನಾಲಗೆ ಬರಲಿಲ್ಲ.

ಮರಾಠಿ ಶಾಲೆಯಲ್ಲಿ ಸಾವಿತ್ರಿಬಾಯಿ ಫುಲೆಯವರ ಬಗ್ಗೆ ಗುರೂಜಿ ಹೇಳಿದ್ದರು. ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಶಿಕ್ಷಕಿಯೆಂದು ಎಷ್ಟೋ ಸಭೆಗಳಲ್ಲಿ ನಾನೂ ಅವರ ಹೆಸರೆತ್ತಿದ್ದೇನೆ. ಪುಣೆಯ ಪ್ಲೇಗಿನಲ್ಲಿ ರೋಗಿಗಳ ಆರೈಕೆ ಮಾಡುತ್ತ, ಅದೇ ಸೋಂಕು ತಗಲಿ 1897ರ ಮಾರ್ಚ್ 10ರಂದು ಅವರು ತೀರಿಕೊಂಡದ್ದನ್ನು ಒಂದು ಸಭೆಯಲ್ಲಾದರೂ ಹೇಳಿದ ನೆನಪಿಲ್ಲ.

2018ರ ಮಳೆಗಾಲದಲ್ಲಿ ಆಯಿ ನಮ್ಮ ಮಧೂರಿನ ಮನೆಯಲ್ಲಿದ್ದಳು. ಒಂದು ರಾತ್ರಿ ಉಸಿರು ಕಟ್ಟಿತು. ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಜೀವಮಾನದಲ್ಲಿ ಬೀಡಿ ಮುಟ್ಟದ ಹೆಂಗಸಿನ ಶ್ವಾಸಕೋಶ ಹೀಗಿರಲು ವಖಾರದ ಧೂಳು ಮತ್ತು ಸೌದೆ ಒಲೆಯ ಹೊಗೆ ಕಾರಣವೆಂದು ವೈದ್ಯರು ಹೇಳಿದರು. ಎರಡನೆಯ ದಿನ ರಾತ್ರಿಪಾಳಿಗೆ ಬಂದ ಬ್ರದರ್ ನನ್ನನ್ನು ಕಂಡು ಬಾಗಿಲಲ್ಲೇ ನಿಂತ. ಗಂಡು ನರ್ಸನ್ನು ಆಸ್ಪತ್ರೆಯಲ್ಲಿ ಬ್ರದರ್ ಎಂದು ಕರೆಯುತ್ತಾರೆ. ಅವನೇ. ಕೈ ನೋಡಿದೆ. ನೀಲಿ ಇರಲಿಲ್ಲ.

ಆಯಿಗೆ ಜ್ವರ ಏರಿದಾಗ ಕನ್ನಡ ಪೂರ್ತಿ ಮರೆತುಹೋಯಿತು. ಮಧ್ಯರಾತ್ರಿ ಅವಳು "ಕೂಸ ಬದಲ, ಕೂಸ ಬದಲ" ಎಂದು ಗೊಣಗತೊಡಗಿದಳು. ನಾನು ಹೊರಗೆ ವರಾಂಡದಲ್ಲಿ ತೂಕಡಿಸುತ್ತಿದ್ದೆ. ವಾರ್ಡಿನ ಆಯಾ ಗಾಬರಿಯಿಂದ ಬಂದು, "ಅಜ್ಜಿ ಯಾರದೋ ಕೂಸು ಬದಲಾಯಿತು ಅಂತಿದ್ದಾರೆ, ತಲೆಗೇರಿದೆ ಕಾಣ್ತದೆ" ಎಂದಳು. ಒಳಗೆ ಓಡಿದೆ. ಅಷ್ಟರಲ್ಲಿ ಅವನು ಆಯಿಯ ಹೆಗಲಿನ ಕೆಳಗೆ ಒಂದು ಕೈ, ಸೊಂಟದ ಕೆಳಗೆ ಒಂದು ಕೈ ಇಟ್ಟು, ಒಂದೇ ಸಲಕ್ಕೆ ಅವಳನ್ನು ಎಡ ಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಒತ್ತುಕೊಟ್ಟು ನಿಂತಿದ್ದ. ಆಯಿ ಸುಮ್ಮನಾಗಿದ್ದಳು. ಮರಾಠಿಯಲ್ಲಿ ಕೂಸ ಎಂದರೆ ಮಗ್ಗುಲು. ಮಗ್ಗುಲು ಬದಲಿಸು ಎಂದಷ್ಟೇ ಅವಳು ಕೇಳುತ್ತಿದ್ದುದು.

"ನಿನಗೆ ಮರಾಠಿ ಹೇಗೆ ಗೊತ್ತಾಯಿತು?" ಎಂದೆ.

"ಗೊತ್ತಿಲ್ಲ ಸರ್. ಮಾತು ಕೇಳಿದೆ, ಆಮೇಲೆ ಭುಜ ನೋಡಿದೆ. ಬಲಗಡೆ ಕೆಂಪಾಗಿತ್ತು."

ನಾವು ತರಗತಿಯಲ್ಲಿ ಶುಶ್ರೂಷೆ ಎಂಬ ಪದವನ್ನು ಸೇವೆ, ಉಪಚಾರ ಎಂದು ಅರ್ಥ ಹೇಳಿ ಮುಂದೆ ಸಾಗುತ್ತೇವೆ. ಅದರ ಧಾತು ಶ್ರು, ಕೇಳು. ಶುಶ್ರೂಷಾ ಎಂದರೆ ಮೂಲತಃ ಕೇಳಬೇಕೆಂಬ ಇಚ್ಛೆ. ಗುರುವಿನ ಮಾತನ್ನು ಕೇಳಬೇಕೆಂಬ ಶಿಷ್ಯನ ಹಂಬಲವೇ ಮುಂದೆ ಸೇವೆಯೆಂಬ ಅರ್ಥ ಪಡೆಯಿತು. ಮರಾಠಿಯವರು ನರ್ಸಿಗೆ ಪರಿಚಾರಿಕಾ ಎನ್ನುತ್ತಾರೆ, ಸುತ್ತಮುತ್ತ ಓಡಾಡುವವಳು. ನಮ್ಮ ದಾದಿ ಎಂಬ ಪದಕ್ಕೆ ಗಂಡು ರೂಪವೇ ಇಲ್ಲ. ಹಾಗಾಗಿಯೇ ಅಂದು ನನ್ನ ನಾಲಗೆಗೆ ಆ ಪದ ಅಷ್ಟು ಸಲೀಸಾಗಿ ಚುಚ್ಚುಮಾತಾಗಿ ಒದಗಿತು. ಈ ವ್ಯುತ್ಪತ್ತಿಯನ್ನು ನಾನು ಮೂವತ್ತು ವರ್ಷದಿಂದ ಬಲ್ಲೆ. ಅರ್ಥವಾದದ್ದು ಆ ರಾತ್ರಿ.

ಕೇಳುವ ಅಭ್ಯಾಸ ಅವನಿಗೆ ಹೇಗೆ ಬಂತು ಎಂಬುದನ್ನೂ ಅದೇ ವಾರ ತಿಳಿದೆ. ಅವನ ಅಮ್ಮ ಬೀಡಿ ಕಟ್ಟುವವರು. ಕಣ್ಣೂರಿನ ದಿನೇಶ್ ಬೀಡಿ ಸಹಕಾರಿ ಸಂಘದ ಕತೆ ನಿಮಗೆ ತಿಳಿದಿರಬಹುದು. 1968ರಲ್ಲಿ ಮಂಗಳೂರಿನ ದೊಡ್ಡ ಬೀಡಿ ಕಂಪನಿ ಆ ಕಡೆಯ ಕೆಲಸ ನಿಲ್ಲಿಸಿದಾಗ ಸಾವಿರಾರು ಕಾರ್ಮಿಕರು ಬೀದಿಗೆ ಬಿದ್ದರು. ಮರುವರ್ಷ ಅವರೇ ಸೇರಿ ಸಂಘ ಕಟ್ಟಿದರು. ಅಲ್ಲಿಯ ಬೀಡಿ ಶಾಲೆಗಳಲ್ಲಿ ಒಬ್ಬ ಪತ್ರಿಕೆಯನ್ನೋ ಕಾದಂಬರಿಯನ್ನೋ ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಕೇಳುತ್ತ ಬೀಡಿ ಸುರುಟುತ್ತಿದ್ದರು. ಮನೆಯ ಜಗಲಿಯಲ್ಲಿ ಕುಳಿತು ಮಡಿಲ ಗೆರಸೆಯಲ್ಲಿ ಎಲೆ ಕತ್ತರಿಸುವ ಹೆಂಗಸರಿಗೆ ಆ ಭಾಗ್ಯವಿಲ್ಲ. ಇವನ ಮನೆಯ ಜಗಲಿಯಲ್ಲಿ ಮಾತ್ರ ಓದುಗನೊಬ್ಬನಿದ್ದ. ಐದನೆಯ ತರಗತಿಯಿಂದ ಅವನು ಅಮ್ಮನಿಗೂ ನೆರೆಮನೆಯ ಹೆಂಗಸರಿಗೂ ಕನ್ನಡದ ಪತ್ರಿಕೆ, ಧಾರಾವಾಹಿ ಓದಿ ಹೇಳುತ್ತಿದ್ದ. ಸಾವಿರ ಬೀಡಿ ಮುಗಿಯಬೇಕಾದರೆ ಎಷ್ಟು ಪುಟ ಬೇಕೆಂಬ ಲೆಕ್ಕ ಅವನಿಗೆ ಗೊತ್ತಿತ್ತು. ಐಚ್ಛಿಕ ಕನ್ನಡವನ್ನು ಆರಿಸಿಕೊಂಡದ್ದೂ ಅದಕ್ಕೇ. ನರ್ಸಿಂಗ್ ಕೋರ್ಸಿನ ಮೊದಲ ಕಂತನ್ನು ಕಟ್ಟಿದ್ದು ಅಮ್ಮನ ಬೀಡಿಯ ಪಿ.ಎಫ್. ಹಣದಿಂದ.

"ನಿಪ್ಪಾಣಿಯ ಸೊಪ್ಪು ಅಂದರೆ ಅಮ್ಮನಿಗೆ ಗೊತ್ತು ಸರ್. ವಾಸನೆಯಲ್ಲೇ ಹೇಳುತ್ತಾರೆ" ಎಂದ. ನನ್ನ ಆಯಿ ಜರಡಿ ಹಿಡಿದ ಪುಡಿ ಯಾವತ್ತೋ ಒಂದು ದಿನ ಅವನ ಅಮ್ಮನ ಗೆರಸೆಗೆ ಬಿದ್ದಿರಬಹುದೇ? ಇರಬಹುದು. ಈ ಮಾತನ್ನು ಆಯಿಗೆ ಹೇಳಿದಾಗ ಅವಳು ಅವನ ಕೈಯನ್ನು ತುಂಬ ಹೊತ್ತು ಹಿಡಿದುಕೊಂಡಿದ್ದಳು.

ನಾಲ್ಕನೆಯ ರಾತ್ರಿ ನಾನು ಒಂದು ತಪ್ಪು ಮಾಡಿದೆ. ಆಯಿಯ ಬೆರಳಿಗೆ ಸಿಕ್ಕಿಸಿದ ಯಂತ್ರ 89 ತೋರಿಸುತ್ತಿತ್ತು. ನೂರಕ್ಕೆ ಹತ್ತಿರ ಇರಬೇಕೆಂದು ಎಲ್ಲಿಯೋ ಓದಿದ್ದೆ. ಯಾರೂ ಹತ್ತಿರವಿರಲಿಲ್ಲ. ಗೋಡೆಯ ಆಮ್ಲಜನಕದ ತಿರುಪು ಎರಡು ಲೀಟರಿನಲ್ಲಿತ್ತು. ತಿರುಗಿಸಿ ಆರಕ್ಕೆ ಇಟ್ಟೆ. ಅಂಕಿ ಏರಿತು. ನನಗೆ ಸಮಾಧಾನವಾಯಿತು. ಸ್ವಲ್ಪ ಹೊತ್ತಿನಲ್ಲಿ ಆಯಿ ಮಂಪರಿಗೆ ಜಾರಿದಳು, ನಿದ್ದೆ ಬಂತೆಂದುಕೊಂಡೆ. ಅವನು ಬಂದವನೇ ತಿರುಪು ನೋಡಿ, ಅದನ್ನು ಇಳಿಸಿ, ಆಯಿಯ ಕೆನ್ನೆ ತಟ್ಟಿ ಎಬ್ಬಿಸಿ, ಫೋನು ಮಾಡಿ ವೈದ್ಯರನ್ನು ಕರೆಸಿದ. ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿದ.

"ಸರ್, ಅದಕ್ಕೆ ಇನ್ನು ಕೈ ಹಾಕಬೇಡಿ."

ಅವನ ದನಿ ಗಡುಸಾಗಿತ್ತು. ಬಹುಶಃ ನಾನು ಅವನಿಗೆ ಉಪದೇಶಿಸಿದ ದಿನ ನನ್ನ ದನಿ ಹೀಗಿದ್ದಿರಬೇಕು. ಆಮೇಲೆ ತಗ್ಗಿದ ದನಿಯಲ್ಲಿ ವಿವರಿಸಿದ: ಇಂಥ ಹಳೆಯ ಶ್ವಾಸಕೋಶದ ಕಾಯಿಲೆಯವರಿಗೆ 88ರಿಂದ 92 ಇದ್ದರೆ ಸಾಕು. ಆಮ್ಲಜನಕ ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ, ರೋಗಿ ಮಂಪರಿಗಿಳಿದು, ಉಸಿರೇ ಕುಂದಬಹುದು. "ತಾಮ್ರ ಹೆಚ್ಚಾದ ಹಾಗೆ ಸರ್. ನಿಮಗೆ ಹೇಳಿದ್ದೆನಲ್ಲ."

ಆಯಿ ಉಳಿದಳು. ಮನೆಗೆ ಬಂದು ಇನ್ನೊಂದೂವರೆ ವರ್ಷ ಇದ್ದಳು. ಅವನು ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಬಂದು ನೋಡುತ್ತಿದ್ದ. ನಮ್ಮ ಮನೆಯಲ್ಲಿ ಎಲ್ಲರಿಗೂ ಮಗ್ಗುಲು ಬದಲಿಸುವುದನ್ನು ಕಲಿಸಿದ. ನಾನು ಮೂರು ಸಲ ತಪ್ಪು ಮಾಡಿ ನಾಲ್ಕನೆಯ ಸಲ ಕಲಿತೆ.

ಇದನ್ನು ಓದಿ ನರ್ಸಿನ ಕೆಲಸವೆಲ್ಲ ಹೂವಿನ ಹಾಸಿಗೆಯೆಂದು ಯಾರೂ ತಿಳಿಯಬೇಡಿ. ನಾನು ಅಂದು ಅವನಿಗೆ ಹೇಳಿದ ಸಂಬಳದ ಮಾತು ಸುಳ್ಳಾಗಿರಲಿಲ್ಲ. ಮೊದಲ ಎರಡು ವರ್ಷ ಅವನ ತಿಂಗಳ ಸಂಬಳಕ್ಕಿಂತ ಮಾವನ ಮರ ಹತ್ತುವ ಕೂಲಿ ಹೆಚ್ಚಿತ್ತು. 2017ರಲ್ಲಿ ಕೇರಳದ ನರ್ಸುಗಳು ಮತ್ತೆ ಹೋರಾಟಕ್ಕಿಳಿದ ಮೇಲೆ, ಸಣ್ಣ ಖಾಸಗಿ ಆಸ್ಪತ್ರೆಗಳಲ್ಲೂ ಕನಿಷ್ಠ 20,000 ರೂಪಾಯಿ ಕೊಡಬೇಕೆಂದು ಅಲ್ಲಿಯ ಸರಕಾರ ಒಪ್ಪಿತು. ಅವನು ದುಡಿಯುತ್ತಿದ್ದುದು ತಲಪಾಡಿಯ ಆಚೆ. ಗಡಿನಾಡಿನವರಿಗೆ ಲಾಭ ಸದಾ ಇನ್ನೊಂದು ದಡದಲ್ಲಿರುತ್ತದೆ. 2020ರ ಮಾರ್ಚಿನಲ್ಲಿ ಕೊರೊನಾದಿಂದಾಗಿ ಆ ಗಡಿಯೇ ಮುಚ್ಚಿದಾಗ, ಅವನು ವಾರಗಟ್ಟಲೆ ಆಸ್ಪತ್ರೆಯ ವಸತಿಯಲ್ಲೇ ಉಳಿದ. ಅಲ್ಲಿ ಇತರರ ತಂದೆಯರನ್ನು ಹೊರಳಿಸುತ್ತಿದ್ದಾಗ ಇಲ್ಲಿ ಅವನ ತಂದೆಯನ್ನು ಅಮ್ಮ ಒಬ್ಬರೇ ಹೊರಳಿಸುತ್ತಿದ್ದರು. ರಾತ್ರಿ ಫೋನಿನಲ್ಲಿ ಅವನು ಅವರಿಗೆ ಪತ್ರಿಕೆ ಓದಿ ಹೇಳುತ್ತಿದ್ದನಂತೆ.

ಕಳೆದ ವರ್ಷ ನಿಮ್ಮ ಹಿರಿಯ ತರಗತಿಯ ಒಬ್ಬಳು ವರ್ಗಾವಣೆ ಪತ್ರದ ಅರ್ಜಿ ತಂದಳು. ಅವಳದೂ ನರ್ಸಿಂಗ್. ಅಲ್ಲಿಯೇ ಸಹಿ ಹಾಕಿ, ಅವನ ಫೋನ್ ಸಂಖ್ಯೆ ಬರೆದುಕೊಟ್ಟೆ. ಹಾಜರಿ ಪುಸ್ತಕವನ್ನು ಆ ದಿನ ತೆರೆಯಲಿಲ್ಲ.

ಈ ಸಲ ಮೇ ಕೊನೆಯಲ್ಲಿ ಅವನು ಎರಡು ದಿನದ ರಜೆ ಹಾಕಿ ಬಂದ. ಈಗ ಮರ ಹತ್ತುವವರೇ ಸಿಗುವುದಿಲ್ಲ. ಕಾರ್ಬನ್ ಫೈಬರಿನ ಉದ್ದ ದೋಟಿಯಿಂದ ನೆಲದಲ್ಲೇ ನಿಂತು ಮದ್ದು ಬಿಡುತ್ತಾರೆ. ಅವರ ಮನೆಯ ತೋಟ ಮುಗಿಸಿ ಸಂಜೆ ನಮ್ಮಲ್ಲಿಗೆ ಬಂದ. ನಮ್ಮ ಹಿತ್ತಿಲಲ್ಲಿರುವುದು ಹದಿನೆಂಟೇ ಮರ. ಅವನು ಡ್ರಮ್ಮಿಗೆ ತುತ್ತದ ನೀರು ಸುರಿದ, ನಾನು ಕೋಲಿನಿಂದ ತಿರುವಿದೆ. ಚೂರಿ ಅದ್ದಿ ಮೇಲೆತ್ತಿ ಬೆಳಕಿಗೆ ಹಿಡಿದ. ಅಲಗಿನ ತುದಿ ತೆಳುವಾಗಿ ಕೆಂಪಾಗಿತ್ತು.

"ಇನ್ನೊಂದಿಷ್ಟು ಸುಣ್ಣ ಬೇಕು ಸರ್" ಎಂದ. ನಾನು ಒಳಗೆ ಹೋಗಿ ಸುಣ್ಣದ ಡಬ್ಬ ತಂದೆ.